ನಕಾಶೆ ಬದಲಾಗದಿದ್ದರೂ ಸರಿ, ಒಂಬತ್ತನೇ ತರಗತಿಗೆ ಒಬ್ಬ ಗಣಿತ ಟೀಚರ್ ಕೊಡಿ

ಕೇರಳದ ಶಿಕ್ಷಣ ಸಚಿವರಿಗೆ, ಕರ್ನಾಟಕದಲ್ಲಿ ಗಡಿನಾಡಿನ ಹೊಣೆ ಹೊತ್ತವರಿಗೆ, ಕಾಸರಗೋಡು ಅಂದರೆ ಈಗಲೂ ಮನಸ್ಸು ಕರಗುವ ಎಲ್ಲ ಕನ್ನಡಿಗರಿಗೆ,

ನಮಸ್ಕಾರ.

ನನ್ನ ಮನೆ ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಒಳಗೆ, ಗುಡ್ಡದ ಬದಿಯಲ್ಲಿ. ವಯಸ್ಸು 29. ಗಣಿತದಲ್ಲಿ ಡಿಗ್ರಿ ಮಾಡಿ ಬಿ.ಎಡ್. ಮುಗಿಸಿದ್ದೇನೆ. ದಿನಕೂಲಿ ಟೀಚರ್ ಆಗಿ ಕರೆದ ಶಾಲೆಗೆ ಹೋಗಿ ಪಾಠ ಮಾಡುತ್ತೇನೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲೂ ಪೇಟೆಯಲ್ಲೂ ಮಲಯಾಳ. ನಮ್ಮ ಕಡೆ ಇದು ಯಾರಿಗೂ ಭಾರ ಅಲ್ಲ. ನನ್ನ ಅಮ್ಮ ಓದಿದ್ದು ನಾಲ್ಕನೇ ತರಗತಿ. ಬೀಡಿ ಕೊಡಲು ಹೋದಲ್ಲಿ ಮೂರು ಭಾಷೆಯಲ್ಲೂ ಲೆಕ್ಕ ಕೇಳುತ್ತಾಳೆ.

ಸರಕಾರಕ್ಕೆ ನಾನು ಬರೆಯುತ್ತಿರುವ ಎರಡನೇ ಪತ್ರ ಇದು. ಮೊದಲನೆಯದನ್ನು ಬರೆದದ್ದು 2008ರಲ್ಲಿ. ಆಗ ನನಗೆ ಹನ್ನೆರಡು. ಬೆಂಗಳೂರಿನಲ್ಲಿರುವ ದೊಡ್ಡವರೊಬ್ಬರಿಗೆ, ಗೆರೆ ಹಾಕಿದ ಪುಸ್ತಕದಿಂದ ಎರಡು ಹಾಳೆ ಕಿತ್ತು ಬರೆದಿದ್ದೆ. ‘ನಮ್ಮ ಕಾಸರಗೋಡು ತಪ್ಪಿ ಕೇರಳಕ್ಕೆ ಸೇರಿಹೋಗಿದೆ. ಇದನ್ನು ಸರಿ ಮಾಡಬೇಕು ಅಂತ ಒಂದು ವರದಿಯೂ ಇದೆಯಂತೆ. ದಯವಿಟ್ಟು ಅದನ್ನು ತೆಗೆದು ನೋಡಿ.’ ಲೆಕ್ಕ ತಪ್ಪಾಗಿದೆ ಅಂತ ಟೀಚರಿಗೆ ತೋರಿಸಿದರೆ ಅವರು ತಿದ್ದುತ್ತಾರೆ ಅಲ್ವಾ, ಹಾಗೇ ಇದು ಕೂಡ ಎಂದು ನಾನು ತಿಳಿದಿದ್ದೆ. ಯಾರೂ ಅವರಿಗೆ ನೆನಪು ಮಾಡಿಲ್ಲ, ಅಷ್ಟೇ. ನೆನಪು ಮಾಡಿದರೆ ಆಯಿತು.

ಉತ್ತರ ಬಂತು. ನಿಜವಾಗಿಯೂ ಬಂತು. ಒಂದೂವರೆ ತಿಂಗಳ ಮೇಲೆ ಪೋಸ್ಟ್‌ಮ್ಯಾನ್ ಒಂದು ಕಂದು ಲಕೋಟೆ ತಂದುಕೊಟ್ಟರು. ಒಳಗೆ ಟೈಪ್ ಮಾಡಿದ ಒಂದೇ ವಾಕ್ಯ. ‘ನಿಮ್ಮ ಪತ್ರವನ್ನು ಸೂಕ್ತ ಕ್ರಮಕ್ಕಾಗಿ ಸಂಬಂಧಪಟ್ಟ ಇಲಾಖೆಗೆ ಕಳುಹಿಸಲಾಗಿದೆ.’ ಕೆಳಗೆ ಒಂದು ನಂಬರ್, ಒಂದು ಸಹಿ, ಒಂದು ಸೀಲು. ಆ ದಿನ ನಾನು ಊರೆಲ್ಲ ಓಡಿದ್ದೇನೆ. ಅಂಗಡಿಯವರಿಗೆ ತೋರಿಸಿದೆ, ಟೀಚರಿಗೆ ತೋರಿಸಿದೆ, ಕೆಳಗಿನ ಮನೆಯ ಜೀಪಿನ ಕಾಕನಿಗೆ ಮಲಯಾಳದಲ್ಲಿ ಓದಿ ಹೇಳಿದೆ. ‘ಸೂಕ್ತ ಕ್ರಮ’ ಎಂಬ ಎರಡು ಶಬ್ದ ನನಗೆ ಮಂತ್ರದ ಹಾಗೆ ಕೇಳುತ್ತಿತ್ತು. ಅಜ್ಜ ಆ ಕಾಗದವನ್ನು ಎರಡು ಸಲ ಓದಿದರು. ಏನೂ ಹೇಳಲಿಲ್ಲ. ಮಡಚಿ ನನ್ನ ಕೈಗೇ ಕೊಟ್ಟರು.

ಅಜ್ಜನ ಬಗ್ಗೆ ಹೇಳಲೇಬೇಕು. ನನ್ನ ಆಸೆಗಳೆಲ್ಲ ಬಂದದ್ದು ಅವರಿಂದ.

ಅವರು ಸುರಂಗ ತೋಡುವವರು. ಎಣ್ಮಕಜೆ, ಪಡ್ರೆ, ಬಾಯಾರು ಕಡೆಯವರಿಗೆ ಸುರಂಗ ಅಂದರೆ ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳುತ್ತೇನೆ. ಗುಡ್ಡದ ಬುಡದಲ್ಲಿ ಮುರಕಲ್ಲನ್ನು ಅಡ್ಡಕ್ಕೆ ಕೊರೆಯುತ್ತಾ ಹೋಗುವುದು, ಒಬ್ಬ ಮನುಷ್ಯ ಬಗ್ಗಿ ನಡೆಯುವಷ್ಟೇ ಜಾಗ. ಮುಂದೆ ಒಬ್ಬರು ಪಿಕ್ಕಾಸಿನಲ್ಲಿ ಕಡಿಯುತ್ತಾರೆ, ಹಿಂದಿನವರು ಬುಟ್ಟಿಯಲ್ಲಿ ಮಣ್ಣು ಹೊರಗೆ ಹಾಕುತ್ತಾರೆ. ಉದ್ದವನ್ನು ಕೋಲಿನಲ್ಲಿ ಅಳೆಯುತ್ತಾರೆ. ಒಳಗೆ ಒಂದು ಮೇಣದ ಬತ್ತಿ. ಬತ್ತಿ ಸಣ್ಣಗಾದರೆ ಗಾಳಿ ಸಾಲದು ಅಂತ ಅರ್ಥ, ಕೂಡಲೇ ಹೊರಗೆ ಬರಬೇಕು. ಎಲ್ಲಿ ನೀರು ಸಿಗುತ್ತದೆ, ಸಿಗುತ್ತದೋ ಇಲ್ಲವೋ, ಮೊದಲೇ ಗೊತ್ತಿರುವುದಿಲ್ಲ. ಮಣ್ಣನ್ನು ಹಿಸುಕಿ ತಂಪು ನೋಡಿ ಮುಂದೆ ಹೋಗುವುದು. ಸಿಕ್ಕಿದರೆ ಪಂಪು ಬೇಡ, ಕರೆಂಟು ಬೇಡ. ನೀರು ತಾನೇ ಹರಿದು ಅಂಗಳಕ್ಕೆ ಬರುತ್ತದೆ. ನಮ್ಮ ಮನೆಯಲ್ಲಿ ಇವತ್ತೂ ಕುಡಿಯುವುದು ಅಜ್ಜ ತೋಡಿದ ಸುರಂಗದ ನೀರು.

1956ರ ನವೆಂಬರ್ 1ರಂದು ಅವರಿಗೆ ಹದಿನೆಂಟು ವರ್ಷ. ಹಿಂದಿನ ದಿನದವರೆಗೆ ನಮ್ಮ ಊರು ದಕ್ಷಿಣ ಕನ್ನಡ ಜಿಲ್ಲೆ. ಬೆಳಗಾಗುವಾಗ ಕೇರಳ. ರಾಜ್ಯ ಪುನರ್ವಿಂಗಡಣಾ ಆಯೋಗ ಹೇಳಿದ್ದೇ ಹಾಗೆ. ಅಜ್ಜ ಓದಿದ್ದು ಐದನೇ ತರಗತಿ ಆದರೂ ಕನ್ನಡ ಅಂದರೆ ಜೀವ. ಆ ಕಾಲದ ಸಭೆಗಳಿಗೆಲ್ಲ ನಡೆದೇ ಹೋಗಿದ್ದರಂತೆ. ಕಾಸರಗೋಡು ಕರ್ನಾಟಕಕ್ಕೆ ಸೇರಬೇಕು ಎಂದು ಹೋರಾಡಿದ ಕವಿ ಕಯ್ಯಾರ ಕಿಞ್ಞಣ್ಣ ರೈಗಳ ಭಾಷಣ ಕೇಳಿದ ರಾತ್ರಿ ನಿದ್ದೆ ಬಂದಿರಲಿಲ್ಲ ಎನ್ನುತ್ತಿದ್ದರು. 1957ರ ಮೊದಲ ಚುನಾವಣೆಯಲ್ಲಿ ಮಂಜೇಶ್ವರದಿಂದ ಕನ್ನಡದ ಪರ ನಿಂತ ಎಂ. ಉಮೇಶ ರಾವ್ ಅವಿರೋಧವಾಗಿ ಗೆದ್ದದ್ದನ್ನು ನಿನ್ನೆ ನಡೆದಂತೆ ಹೇಳುತ್ತಿದ್ದರು. ‘ಎದುರು ನಿಲ್ಲಲಿಕ್ಕೆ ಒಬ್ಬ ಕೂಡ ಇರಲಿಲ್ಲ ಮಗಾ. ನಮಗೆ ಏನು ಬೇಕು ಅಂತ ಇದಕ್ಕಿಂತ ಹೆಚ್ಚು ಹೇಗೆ ಹೇಳುವುದು?’

ನವೆಂಬರ್ ಒಂದು ಎಂದರೆ ಕನ್ನಡ ರಾಜ್ಯೋತ್ಸವ. ಅದೇ ದಿನ ಕೇರಳಪ್ಪಿರವಿ ಕೂಡ, ಅಂದರೆ ಕೇರಳ ರಾಜ್ಯ ಹುಟ್ಟಿದ ದಿನ. ನಾನು ಐದನೇ ತರಗತಿಯಲ್ಲಿದ್ದಾಗ ಶಾಲೆಯ ಕಾರ್ಯಕ್ರಮಕ್ಕೆ ಜರಿ ಅಂಚಿನ ಬಿಳಿ ಸೀರೆ ಉಟ್ಟು ಹೋಗಬೇಕು ಎಂದಿದ್ದರು. ಅಮ್ಮ ಯಾರಿಂದಲೋ ತಂದು ಉಡಿಸಿದಳು. ನನಗೆ ಅದು ಬಹಳ ಇಷ್ಟವಾಗಿತ್ತು. ಜಗಲಿಯಲ್ಲಿ ಅಜ್ಜ ರೇಡಿಯೋವನ್ನು ಕಿವಿಗೆ ಹಿಡಿದು ಮಂಗಳೂರು ಆಕಾಶವಾಣಿ ಕೇಳುತ್ತಿದ್ದರು. ರಾಜ್ಯೋತ್ಸವದ ಹಾಡು. ನನ್ನನ್ನು ನೋಡಿ, ‘ಚಂದ ಕಾಣ್ತಿ’ ಅಂದರು. ಆಮೇಲೆ ರೇಡಿಯೋದ ಶಬ್ದ ಸ್ವಲ್ಪ ಸಣ್ಣ ಮಾಡಿದರು. ಯಾಕೆ ಸಣ್ಣ ಮಾಡಿದರು ಎಂದು ನನಗೆ ಅರ್ಥವಾಗಲು ಹತ್ತು ವರ್ಷ ಬೇಕಾಯಿತು. ನನ್ನ ಸಂತೋಷಕ್ಕೆ ಅವರ ಬೇಸರ ತಾಗಬಾರದು ಅಂತ.

ನಾನು ಪತ್ರದಲ್ಲಿ ಬರೆದ ವರದಿ ಮಹಾಜನ ಆಯೋಗದ್ದು. 1966ರಲ್ಲಿ ನೇಮಕವಾಗಿ 1967ರಲ್ಲಿ ವರದಿ ಕೊಟ್ಟಿತು. ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಮೆಹರ್‌ಚಂದ್ ಮಹಾಜನ್ ಬರೆದದ್ದು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಆಗಿನ ಮೈಸೂರು ರಾಜ್ಯಕ್ಕೆ ಸೇರಬೇಕು ಎಂದು ಅದರಲ್ಲಿದೆ. ನಮ್ಮ ಮನೆ ಆ ಹೊಳೆಯ ಉತ್ತರಕ್ಕೇ ಇದೆ. ಹಾಗಾಗಿ ಚಿಕ್ಕಂದಿನಲ್ಲಿ ನನ್ನ ಲೆಕ್ಕ ಬಹಳ ಸುಲಭವಿತ್ತು. ವರದಿ ಇದೆ, ಬರೆದವರು ದೊಡ್ಡ ಜಡ್ಜ್, ಊರು ಹೊಳೆಯ ಈಚೆಗೆ. ಇನ್ನೇನು ಬೇಕು?

ಡಿಗ್ರಿಗೆ ಬಂದ ಮೇಲೆ ಕಾಲೇಜು ಲೈಬ್ರರಿಯಲ್ಲಿ ಕೂತು ಈ ವಿಷಯವನ್ನು ಓದಿದೆ. ಆಯೋಗ ಬಂದದ್ದು ನಮಗಾಗಿ ಅಲ್ಲ, ಬೆಳಗಾವಿಯ ಜಗಳಕ್ಕಾಗಿ. ಮಹಾರಾಷ್ಟ್ರ ಕೇಳಿದ್ದರಿಂದ. ನಮ್ಮ ಕಾಸರಗೋಡು ಆ ಗಾಡಿಯ ಹಿಂದೆ ಕಟ್ಟಿದ ಕರುವಿನ ಹಾಗೆ. ಬೆಳಗಾವಿ ಕರ್ನಾಟಕಕ್ಕೇ ಇರಲಿ ಎಂದದ್ದನ್ನು ಮಹಾರಾಷ್ಟ್ರ ಒಪ್ಪಲಿಲ್ಲ. ನಮ್ಮ ಭಾಗದ ಮಾತನ್ನು ಕೇರಳ ಒಪ್ಪಲಿಲ್ಲ. ಗಾಡಿ ನಿಂತಿತು, ಕರುವೂ ನಿಂತಿತು. ಆ ಮಧ್ಯಾಹ್ನ ಪುಸ್ತಕ ಮುಚ್ಚಿ ತುಂಬಾ ಹೊತ್ತು ಕಿಟಕಿ ನೋಡುತ್ತಾ ಕೂತಿದ್ದೆ. ಯಾರೂ ಮರೆತಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು. ನನ್ನ ಹನ್ನೆರಡನೇ ವಯಸ್ಸಿನ ಪತ್ರ ನೆನಪಿಸಬೇಕಾದ್ದು ಏನೂ ಇರಲಿಲ್ಲ.

2015ರ ಆಗಸ್ಟಿನಲ್ಲಿ ಕಿಞ್ಞಣ್ಣ ರೈಗಳು ತೀರಿಕೊಂಡರು. ನೂರು ವರ್ಷ ತುಂಬಿತ್ತು. ಸುದ್ದಿ ಕೇಳಿದ ಅಜ್ಜ ಅವತ್ತು ಊಟಕ್ಕೆ ಕೂರಲಿಲ್ಲ. ಒಬ್ಬ ಮನುಷ್ಯ ಅರ್ಧ ಶತಮಾನಕ್ಕೂ ಜಾಸ್ತಿ ಒಂದೇ ಮಾತು ಹೇಳಿ, ಅದು ನಡೆಯದೆ ಹೋಗಿಬಿಟ್ಟರಲ್ಲ ಅನ್ನಿಸಿತು ನನಗೂ.

ಆದರೂ ಆಸೆ ಬಿಡಲಿಲ್ಲ, ಕಾನೂನಿನ ಕಡೆಗೆ ತಿರುಗಿತು. ಎಡನೀರು ಮಠ ನಮ್ಮ ಜಿಲ್ಲೆಯದೇ. ಸಂವಿಧಾನದ ಮೂಲ ರಚನೆಯನ್ನು ಸಂಸತ್ತು ಕೂಡ ಬದಲಿಸಲಾಗದು ಎಂದು 1973ರಲ್ಲಿ 13 ಜಡ್ಜ್‌ಗಳ ಪೀಠ ತೀರ್ಪು ಕೊಟ್ಟ ಕೇಸು ಕೇಶವಾನಂದ ಭಾರತಿ ಸ್ವಾಮಿಗಳ ಹೆಸರಿನದು. ಬಸ್ಸಿನಲ್ಲಿ ಆ ಮಠದ ಸ್ಟಾಪು ದಾಟುವಾಗಲೆಲ್ಲ ನನಗೆ ಧೈರ್ಯ ಬರುತ್ತಿತ್ತು. ಇಂಥ ಚಿಕ್ಕ ಊರಿನಿಂದ ದೆಹಲಿಯ ತನಕ ಮಾತು ಮುಟ್ಟಿದೆ ಅಂದಮೇಲೆ ನಮ್ಮದೂ ಮುಟ್ಟಬಹುದು. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯಿನುಡಿಯಲ್ಲಿ ಕಲಿಸುವ ಸೌಲಭ್ಯ ಕೊಡಬೇಕು ಎಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಅದು ಸೇರಿದ್ದು ಕೂಡ 1956ರಲ್ಲೇ. 1969ರ ಕೇರಳದ ಆಡಳಿತ ಭಾಷಾ ಕಾಯ್ದೆಯಲ್ಲಿ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲೇ ಸರಕಾರಕ್ಕೆ ಬರೆಯಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು ಎಂದಿದೆ. ಇವನ್ನೆಲ್ಲ ನಾನು ಡೈರಿಯಲ್ಲಿ ಕೆಂಪು ಪೆನ್ನಿನಲ್ಲಿ ಬರೆದಿಟ್ಟುಕೊಂಡಿದ್ದೆ.

ಒಂದು ಸಲ ಪರೀಕ್ಷೆ ಮಾಡಿಯೂ ನೋಡಿದೆ. ಒಂದು ಆಫೀಸಿಗೆ ಒಂದು ಸರ್ಟಿಫಿಕೇಟಿಗಾಗಿ ಕನ್ನಡದಲ್ಲಿ ಅರ್ಜಿ ಕೊಟ್ಟೆ. ಕೂತಿದ್ದವರು ಒಳ್ಳೆಯವರು. ಬೈಯಲಿಲ್ಲ. ‘ಇದನ್ನು ಓದುವವರು ಇಲ್ಲಿ ಯಾರೂ ಇಲ್ಲಮ್ಮಾ, ಮಲಯಾಳದಲ್ಲಿ ಬರೆದುಕೊಡಿ, ಇವತ್ತೇ ಮಾಡಿಕೊಡ್ತೇನೆ’ ಅಂದರು. ನಾನು ಹಠ ಮಾಡಿ ಕನ್ನಡದ್ದೇ ಕೊಟ್ಟೆ. ಇಪ್ಪತ್ತೆರಡು ದಿನ ಆದ ಮೇಲೆ ಉತ್ತರ ಬಂತು, ಮಲಯಾಳದಲ್ಲಿ. ಅಷ್ಟರಲ್ಲಿ ಆ ಸರ್ಟಿಫಿಕೇಟ್ ಕೊಡಬೇಕಾದ ಕೊನೆಯ ದಿನ ಮುಗಿದಿತ್ತು. ಕಾನೂನು ಪುಸ್ತಕದಲ್ಲಿ ಇರುವುದು ಬೇರೆ, ಅದನ್ನು ಓದಬಲ್ಲ ಒಬ್ಬ ಗುಮಾಸ್ತ ಕುರ್ಚಿಯಲ್ಲಿ ಇರುವುದು ಬೇರೆ ಅಂತ ಆವತ್ತು ಗೊತ್ತಾಯಿತು. ಎಣ್ಮಕಜೆಯವರಿಗೆ ಇದು ಮೊದಲೇ ಗೊತ್ತಿತ್ತು ಬಿಡಿ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದ ಊರು ನಮ್ಮದು. ಸಂತ್ರಸ್ತರಿಗೆ ಮೂರು ತಿಂಗಳ ಒಳಗೆ ತಲಾ 5 ಲಕ್ಷ ರೂಪಾಯಿ ಕೊಡಿ ಎಂದು 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಯಾಕೆ ಇನ್ನೂ ಕೊಟ್ಟಿಲ್ಲ ಎಂದು 2022ರಲ್ಲಿ ಅದೇ ಕೋರ್ಟ್ ಮತ್ತೆ ಕೇಳಬೇಕಾಯಿತು.

2017ರಲ್ಲೇ ಶಾಲೆಗಳಲ್ಲಿ ಮಲಯಾಳ ಕಡ್ಡಾಯ ಎಂಬ ಕಾನೂನು ಬಂತು. ಮೇ ತಿಂಗಳ ಬಿಸಿಲಿನಲ್ಲಿ ವಿದ್ಯಾನಗರದ ಕಲೆಕ್ಟರೇಟ್ ಮುಂದೆ ಜನ ಸೇರಿದ್ದರು. ನಾನೂ ಇದ್ದೆ. ಗಂಟಲು ಹರಿಯುವಷ್ಟು ಕೂಗಿದ್ದೇನೆ. ಅಷ್ಟು ಕನ್ನಡಿಗರನ್ನು ಒಟ್ಟಿಗೆ ನೋಡಿದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು. ಇನ್ನು ಏನಾದರೂ ಆಗಿಯೇ ಆಗುತ್ತದೆ ಅಂತ ನಂಬಿ ಬಸ್ಸು ಹತ್ತಿದೆ. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಮಲಯಾಳ ಕಲಿಯಬಾರದು ಎಂದು ನಾನು ಯಾವತ್ತೂ ಕೂಗಿಲ್ಲ. ಆ ಭಾಷೆಯಲ್ಲಿ ನಾನು ಕತೆ ಓದುತ್ತೇನೆ, ಗೆಳತಿಯರ ಹತ್ತಿರ ಗುಟ್ಟು ಹೇಳುತ್ತೇನೆ. ಅದು ಬೇಕು. ಕನ್ನಡದ ಜಾಗದಲ್ಲಿ ಅಲ್ಲ, ಕನ್ನಡದ ಪಕ್ಕದಲ್ಲಿ.

ಬಿ.ಎಡ್. ಓದಲು ಮಂಗಳೂರಿಗೆ ಹೋದೆ. ಅಲ್ಲಿ ನನ್ನನ್ನು ಎಲ್ಲರೂ ‘ಕೇರಳದ ಹುಡುಗಿ’ ಎಂದರು. ಇರಲಿ, ಅದು ದೊಡ್ಡ ವಿಷಯ ಅಲ್ಲ.

ದೊಡ್ಡ ವಿಷಯ 2020ರ ಮಾರ್ಚ್ ಕೊನೆಯ ವಾರದ್ದು. ಕೊರೊನಾ ಬಂತು, ಕರ್ನಾಟಕ ಗಡಿ ಮುಚ್ಚಿತು. ತಲಪಾಡಿಯ ಹೆದ್ದಾರಿ ಮಾತ್ರ ಅಲ್ಲ, ಒಳದಾರಿಗಳೆಲ್ಲ. ಕೆಲವು ಕಡೆ ರಸ್ತೆಯ ಅಡ್ಡಕ್ಕೆ ಲಾರಿಯಲ್ಲಿ ಮಣ್ಣು ತಂದು ಸುರಿದರು. ಕಾಸರಗೋಡಿನವರಿಗೆ ಮಂಗಳೂರು ಅಂದರೆ ಆಸ್ಪತ್ರೆ. ಐವತ್ತು ಕಿಲೋಮೀಟರ್. ಹೆರಿಗೆ, ಹೃದಯ, ಕಿಡ್ನಿ ಎಲ್ಲದಕ್ಕೂ ಅಲ್ಲಿಗೇ ಓಡುವುದು. ನಮ್ಮದೇ ಜಿಲ್ಲೆಯ ಉಕ್ಕಿನಡ್ಕದಲ್ಲಿ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಕಲ್ಲು ಹಾಕಿದ್ದರು. ಏಳು ವರ್ಷ ಆದರೂ ಕೆಲಸ ಮುಗಿದಿರಲಿಲ್ಲ. ದಾರಿ ಸಿಗದೆ ಹಲವು ರೋಗಿಗಳು ತೀರಿಕೊಂಡರು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ರಸ್ತೆ ತೆರೆಸಿ ಎಂದಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು.

ಅಜ್ಜನಿಗೆ ಹೃದಯದ ತೊಂದರೆ ಇತ್ತು. ಮದ್ದು, ಡಾಕ್ಟರು ಎಲ್ಲ ಮಂಗಳೂರಿನಲ್ಲೇ. ಆ ವಾರದಲ್ಲೇ ಒಂದು ರಾತ್ರಿ ಎದೆನೋವು ಬಂತು. ಜೀಪಿನ ಕಾಕ ಅರ್ಧ ಗಂಟೆಯಲ್ಲಿ ಗಾಡಿ ತಂದರು. ಅಭ್ಯಾಸದಂತೆ ಉತ್ತರಕ್ಕೇ ಹೋದೆವು. ಗಡಿಯ ಹತ್ತಿರ ಹೆಡ್‌ಲೈಟ್ ಬೆಳಕಿನಲ್ಲಿ ರಸ್ತೆಯ ಮೇಲೆ ಕೆಂಪು ಮಣ್ಣಿನ ರಾಶಿ ಕಂಡಿತು. ಹಸಿ ಮಣ್ಣು. ಅದರ ಮೇಲೆ ಎರಡು ಕಲ್ಲು. ಕಾಕ ಇಳಿದು ನೋಡಿ ಬಂದರು, ನಾನೂ ಇಳಿದೆ. ಆಚೆ ಬದಿಯಲ್ಲಿ ರಸ್ತೆ ಹಾಗೇ ಖಾಲಿ ಮುಂದೆ ಹೋಗುತ್ತಿತ್ತು.

ಹಿಂದಿನ ಸೀಟಿನಲ್ಲಿ ಮಲಗಿದ್ದ ಅಜ್ಜ ಕೇಳಿದರು. ‘ಎಷ್ಟು ಎತ್ತರ ಹಾಕಿದ್ದಾರೆ?’

‘ಎದೆಮಟ್ಟ ಅಜ್ಜ.’

‘ಅಗಲ?’

‘ರಸ್ತೆ ಇಡೀ.’

ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಪ್ರಾಯದಲ್ಲಿ ಆಗಿದ್ದರೆ ನನಗೆ ಅರ್ಧ ದಿನದ ಕೆಲಸ’ ಎಂದರು.

ಅಷ್ಟೇ. ಆ ಮೇಲೆ ಮಾತಾಡಲಿಲ್ಲ. ಕಾಕ ಗಾಡಿ ತಿರುಗಿಸಿ ದಕ್ಷಿಣಕ್ಕೆ ಬಿಟ್ಟರು. ದಾರಿಯುದ್ದಕ್ಕೂ ಪೊಲೀಸರು ತಡೆದು ಕೇಳಿದಲ್ಲೆಲ್ಲ ಕಾಕನೇ ಇಳಿದು ಮಾತಾಡಿದರು. ಮೂರು ಗಂಟೆ ಬೇಕಾಯಿತು ಕಣ್ಣೂರು ಕಡೆಯ ಆಸ್ಪತ್ರೆ ಮುಟ್ಟಲು. ಅಲ್ಲಿನ ನರ್ಸ್ ಒಬ್ಬರು ಅಜ್ಜನ ತುಳುವನ್ನೂ ಕನ್ನಡವನ್ನೂ ತಿಳಿಯದೆ, ಕೈ ಹಿಡಿದುಕೊಂಡು, ಕೈಸನ್ನೆಯಲ್ಲೇ ಎಲ್ಲ ಕೇಳಿದರು. ಅಜ್ಜ ಬದುಕಿದರು. ಇನ್ನೂ ಒಂದು ವರ್ಷ ನಮ್ಮ ಜೊತೆ ಇದ್ದರು.

ಆ ವರ್ಷ ನವೆಂಬರ್ ಒಂದಕ್ಕೆ ಅವರು ರೇಡಿಯೋ ಹಾಕಲಿಲ್ಲ. ನಾನು ಹಾಕಲಾ ಎಂದು ಕೇಳಿದೆ. ಬೇಡ ಎಂದರು.

ಕರ್ನಾಟಕದವರೇ, ಇದನ್ನು ನಿಮ್ಮ ಮೇಲಿನ ಸಿಟ್ಟಿನಿಂದ ಬರೆಯುತ್ತಿಲ್ಲ. ಹೊಸ ರೋಗ, ಎಲ್ಲರಿಗೂ ಹೆದರಿಕೆ ಇತ್ತು. ಆದರೆ 64 ವರ್ಷ ಒಬ್ಬ ಮುದುಕ ಯಾವ ರಸ್ತೆಯನ್ನು ನನ್ನ ಮನೆಗೆ ಹೋಗುವ ರಸ್ತೆ ಅಂದುಕೊಂಡಿದ್ದನೋ, ಆ ರಸ್ತೆಯಲ್ಲೇ ಆ ಮಣ್ಣು ಇತ್ತು. ಇದು ನಿಮಗೆ ಗೊತ್ತಿರಬೇಕು.

ಇನ್ನು ಶಾಲೆಯ ವಿಷಯ. ನಾನು ಈ ಪತ್ರ ಬರೆಯಲು ಕೂತದ್ದೇ ಇದಕ್ಕೆ.

2022ರಲ್ಲಿ ಒಂದು ಕನ್ನಡ ಮಾಧ್ಯಮ ಹೈಸ್ಕೂಲಿನಲ್ಲಿ ದಿನಕೂಲಿಗೆ ಗಣಿತ ಕಲಿಸುತ್ತಿದ್ದೆ. ಶಾಲೆಯ ಹೆಸರು ಬರೆಯುವುದಿಲ್ಲ. ಇಂಥದ್ದು ಆದದ್ದು ಒಂದೇ ಶಾಲೆಯಲ್ಲಿ ಅಲ್ಲ. ಎರಡು ತಿಂಗಳಾಗುವಾಗ ಖಾಯಂ ಟೀಚರ್ ಬಂದರು. ನಾನು ಜಾಗ ಬಿಡಬೇಕಾದದ್ದು ಸರಿಯೇ, ಅದಕ್ಕೆ ಬೇಸರ ಇಲ್ಲ. ಆದರೆ ಬಂದವರಿಗೆ ಕನ್ನಡ ಬರುತ್ತಿರಲಿಲ್ಲ. ಕನ್ನಡ ಗೊತ್ತು ಎನ್ನುವ ಕಾಗದ ಅವರ ಕೈಯಲ್ಲಿತ್ತು. ಅಕ್ಷರ ಕೂಡಿಸಿ ಓದುತ್ತಿದ್ದರು. ಪಾಠ ಮಾಡಲು ಆಗುತ್ತಿರಲಿಲ್ಲ.

ಹೆತ್ತವರು ಗೇಟಿನ ಹತ್ತಿರ ನಿಂತರು. ಘೋಷಣೆ ಕೂಗಿದರು. ನಾನೂ ಕೂಗಿದೆ. ಎಲ್ಲೆಲ್ಲಿಂದಲೋ ನಾಯಕರು ಬಂದರು, ಬಾವುಟ ಬಂತು, ಕ್ಯಾಮರಾ ಬಂತು. ಸಂಜೆ ಆದಾಗ ಎಲ್ಲರೂ ಹೋದರು. ನಾನು ಸ್ಟಾಫ್‌ರೂಮಿನಲ್ಲಿ ಉಳಿದಿದ್ದ ನನ್ನ ಪುಸ್ತಕ ತರಲು ಹೋದೆ. ಆ ಟೀಚರ್ ಒಬ್ಬರೇ ಕೂತು ಅಳುತ್ತಿದ್ದರು. ನನಗಿಂತ ಎರಡು ಮೂರು ವರ್ಷ ದೊಡ್ಡವರಿರಬಹುದು. ಕೇರಳದ ತೆಂಕಣ ಜಿಲ್ಲೆಯವರು. ಹತ್ತು ತಿಂಗಳ ಮಗುವನ್ನು ತಾಯಿಯ ಹತ್ತಿರ ಬಿಟ್ಟು, ರಾತ್ರಿ ರೈಲಿನಲ್ಲಿ ಬಂದವರು. ‘ನಾನು ಕೇಳಿ ಬಂದ ಊರಲ್ಲ ಇದು. ಈ ಕೆಲಸ ಬಿಟ್ಟರೆ ನನಗೆ ಇನ್ನೊಂದು ಸಿಗುವುದಿಲ್ಲ. ಮಕ್ಕಳ ಮುಖ ನೋಡಲಿಕ್ಕೆ ನನಗೂ ಆಗುವುದಿಲ್ಲ’ ಎಂದು ಮಲಯಾಳದಲ್ಲಿ ಹೇಳಿದರು. ಬೆಳಗ್ಗೆ ಕೂಗಿದ ಬಾಯಿಂದ ನನಗೆ ಒಂದು ಮಾತು ಬರಲಿಲ್ಲ. ಪಕ್ಕದಲ್ಲಿ ಕೂತೆ.

ಎದುರಾಳಿ ಎಂದು ನಾನು ತಿಳಿದಿದ್ದವರು ಎದುರಾಳಿ ಆಗಿರಲಿಲ್ಲ. ಇಬ್ಬರನ್ನೂ ಗೊತ್ತಿಲ್ಲದ ಯಾರೋ ದೂರದಲ್ಲಿ ಕೂತು ಒಂದು ಪಟ್ಟಿಯಲ್ಲಿ ಹೆಸರು ತುಂಬಿಸಿದ್ದರು.

ಆಮೇಲೆ ಆ ಟೀಚರ್ ರಜೆ ಹಾಕಿದರು. ಜಾಗ ತುಂಬಿದ ಲೆಕ್ಕದಲ್ಲೇ ಇದ್ದುದರಿಂದ ದಿನಕೂಲಿಗೂ ಯಾರನ್ನೂ ಕರೆಯಲಾಗಲಿಲ್ಲವಂತೆ. ಸುಮಾರು ಮೂರು ತಿಂಗಳು ಆ ಮಕ್ಕಳಿಗೆ ಗಣಿತವೇ ಇರಲಿಲ್ಲ. ಬಾವುಟದವರು ಯಾರೂ ತಿರುಗಿ ಬರಲಿಲ್ಲ. ನಾನು ಊರಿನ ವಾಚನಾಲಯದಲ್ಲಿ ಸಂಜೆ ನಾಲ್ಕೂವರೆಯಿಂದ ಆರರವರೆಗೆ ಸುಮ್ನೆ ಕೂತು ಹೇಳಿಕೊಡಲು ಶುರು ಮಾಡಿದೆ. ಮೊದಲ ದಿನ ಆರು ಮಕ್ಕಳು. ಆಮೇಲೆ ಹದಿನೇಳು.

ಆಗ ಒಂಬತ್ತನೇ ತರಗತಿಯ ಒಬ್ಬ ಹುಡುಗಿಯ ನೋಟ್ಸ್ ನೋಡಿದೆ. ಆ ಟೀಚರ್ ಇದ್ದ ಕೆಲವು ದಿನ ಮಾಡಿದ ಪಾಠ. ವೃತ್ತದ್ದು. ಮಗು ಕೇಳಿದ್ದನ್ನೆಲ್ಲ ಕನ್ನಡ ಅಕ್ಷರದಲ್ಲಿ ಬರೆದುಕೊಂಡಿದ್ದಳು. ಸುತ್ತಳತೆ ಇರಬೇಕಾದಲ್ಲಿ ‘ಚುಟ್ಟಳವ್’. ವಿಸ್ತೀರ್ಣಕ್ಕೆ ‘ಪರಪ್ಪಳವ್’. ತ್ರಿಜ್ಯಕ್ಕೆ ಮಲಯಾಳದಲ್ಲಿ ‘ಆರಂ’ ಎನ್ನುತ್ತಾರೆ. ಅವಳು ‘ಆರಂ’ ಎಂದು ಬರೆದು ಪಕ್ಕದಲ್ಲಿ ಸಮ ಚಿಹ್ನೆ ಹಾಕಿ 6 ಎಂದು ಬರೆದಿದ್ದಳು. ಆರು ಅಂದುಕೊಂಡಿದ್ದಳು. ಪುಟ ತಿರುಗಿಸಿದೆ. ಲೆಕ್ಕದಲ್ಲಿ ತ್ರಿಜ್ಯ 10 ಇರಲಿ, 14 ಇರಲಿ, ಎಲ್ಲ ಕಡೆ ಅವಳು ಹಾಕಿದ್ದು 6. ಒಂದೊಂದು ಗುಣಾಕಾರವೂ ಸರಿ ಇತ್ತು. ಅಕ್ಷರ ಮುತ್ತಿನ ಹಾಗೆ. ಎಲ್ಲ ಉತ್ತರವೂ ತಪ್ಪು.

‘ಯಾಕೆ ಎಲ್ಲದರಲ್ಲೂ ಆರು ಹಾಕಿದ್ದಿ?’ ಎಂದು ಕೇಳಿದೆ.

‘ಟೀಚರ್ ಹೇಳಿದ್ದು ಹಾಗೇ’ ಎಂದಳು. ತಲೆ ತಗ್ಗಿಸಿ, ‘ನನಗೆ ಗಣಿತ ತಲೆಗೆ ಹತ್ತುವುದಿಲ್ಲ ಟೀಚರ್’ ಎಂದಳು.

ಅವಳಿಗೆ ಗಣಿತ ಹತ್ತುತ್ತದೆ. ‘ಆರಂ ಅಂದರೆ ತ್ರಿಜ್ಯ’ ಎಂದು ಹೇಳಿದ ಮೇಲೆ ಹದಿನೈದು ನಿಮಿಷದಲ್ಲಿ ಎಲ್ಲ ಲೆಕ್ಕವನ್ನೂ ತಾನೇ ಸರಿ ಮಾಡಿದಳು. ಆದರೆ ಅಷ್ಟು ದಿನ ಅವಳು ತನ್ನನ್ನು ದಡ್ಡಿ ಎಂದುಕೊಂಡು ಮಲಗಿದ್ದಳಲ್ಲ, ಆ ದಿನಗಳನ್ನು ಯಾರು ತಿದ್ದುತ್ತಾರೆ?

ಹನ್ನೆರಡನೇ ವಯಸ್ಸಿನಲ್ಲಿ ನಾನು ನಿಮ್ಮ ಹತ್ತಿರ ಒಂದು ಜಿಲ್ಲೆಯನ್ನೇ ಕೇಳಿದ್ದೆ. ಆ ಆಸೆಗೆ ನಾನು ನಾಚಿಕೊಳ್ಳುವುದಿಲ್ಲ. ಅಜ್ಜನ ಆಸೆ ಅದು, ಅವರ ಜೊತೆಗೆ ಇಟ್ಟುಕೊಂಡಿದ್ದೇನೆ. ಆದರೆ ಗೆರೆ ಬದಲಾಗುವವರೆಗೆ ಕಾಯುತ್ತಾ ಕೂತರೆ ಆ ಹುಡುಗಿಯ ಹಾಗೆ ಇನ್ನೆಷ್ಟು ಮಕ್ಕಳು ಎಲ್ಲ ಲೆಕ್ಕಕ್ಕೂ ಆರು ಹಾಕಬೇಕು? ಈಗ ನಾನು ಕೇಳುವುದು ಚಿಕ್ಕ ಸಂಗತಿಗಳನ್ನು. ಚಿಕ್ಕದು ಎಂದರೆ ಸುಲಭವಾಗಿ ಮಾಡಬಹುದಾದ್ದು, ಮಾಡದಿದ್ದರೆ ನೆಪ ಹೇಳಲು ಆಗದ್ದು.

ಕೇರಳದ ಸಚಿವರೇ, ಕನ್ನಡ ಮಾಧ್ಯಮದ ತರಗತಿಗೆ ಟೀಚರನ್ನು ಹಾಕುವ ಮೊದಲು ಅವರಿಂದ ಒಂದು ಪಾಠ ಮಾಡಿಸಿ. ಕನ್ನಡ ಗೊತ್ತಿರುವವರ ಎದುರು, ಕನ್ನಡದಲ್ಲಿ, ಅರ್ಧ ಗಂಟೆ. ಕಾಗದ ನೋಡಬೇಡಿ, ಪಾಠ ಕೇಳಿ. ಅದರಲ್ಲಿ ಗೆದ್ದವರು ಯಾವ ಜಿಲ್ಲೆಯವರಾದರೂ ನಮಗೆ ಸಂತೋಷ. ಆಗದವರನ್ನು ಅವರ ಭಾಷೆಯ ಶಾಲೆಗೆ ಹಾಕಿ. ಅವರೂ ಅಳದೆ ಕೆಲಸ ಮಾಡಲಿ. ಆ ಜಾಗ ನನಗೇ ಕೊಡಿ ಅಂತ ಕೇಳುತ್ತಿಲ್ಲ. ನನ್ನನ್ನೂ ಎಲ್ಲರ ಜೊತೆ ಅದೇ ಪರೀಕ್ಷೆಗೆ ನಿಲ್ಲಿಸಿ. ಟೀಚರ್ ರಜೆಯಲ್ಲಿದ್ದರೆ ಆ ತರಗತಿ ಖಾಲಿ ಉಳಿಯದ ಹಾಗೆ ನಿಯಮ ಮಾಡಿ. ಮಂಜೇಶ್ವರ, ಕಾಸರಗೋಡು ತಾಲೂಕಿನ ಒಂದೊಂದು ಆಫೀಸಿನಲ್ಲೂ ಕನ್ನಡ ಓದಿ ಬರೆಯಬಲ್ಲ ಒಬ್ಬರು ಇರಲಿ. 1969ರ ಕಾಯ್ದೆ ನಿಮ್ಮ ವಿಧಾನಸಭೆಯೇ ಮಾಡಿದ್ದು, ನಾವು ಹೊಸದೇನೂ ಕೇಳುತ್ತಿಲ್ಲ. ತಿರುವನಂತಪುರ ನಮಗೆ 500 ಕಿಲೋಮೀಟರಿಗೂ ಜಾಸ್ತಿ ದೂರ. ಅಲ್ಲಿಗೆ ಬಂದು ಹೇಳಲು ಬೀಡಿ ಕಟ್ಟುವ ತಾಯಂದಿರಿಗೆ ಆಗುವುದಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ಕರ್ನಾಟಕದವರೇ, ನವೆಂಬರ್ ತಿಂಗಳಲ್ಲಿ ವೇದಿಕೆ ಹತ್ತಿ ಮಹಾಜನ ವರದಿಯ ಹೆಸರು ಹೇಳಿ ಇಳಿಯಬೇಡಿ. ನಮ್ಮ ಹಿರಿಯರು ಆ ಚಪ್ಪಾಳೆ ಕೇಳಿ ಕೇಳಿ ಮುದುಕರಾದರು. ಅದರ ಬದಲು ಕೇರಳದ ಜೊತೆ ಒಂದು ಮೇಜಿನ ಎದುರು ಕೂತು ಎರಡು ವಿಷಯ ಬರೆದುಕೊಳ್ಳಿ. ಒಂದು, ಯಾವ ಕಾಯಿಲೆ ಬಂದರೂ ಆಂಬುಲೆನ್ಸಿಗೆ ಗಡಿ ಮುಚ್ಚುವುದಿಲ್ಲ ಎಂದು. ಇನ್ನೊಂದು, ನಮ್ಮ ಕನ್ನಡ ಶಾಲೆಗಳ ಟೀಚರುಗಳಿಗೆ ರಜೆಯಲ್ಲಿ ತರಬೇತಿ, ವಾಚನಾಲಯಗಳಿಗೆ ಪುಸ್ತಕ. ನಮ್ಮ ವಾಚನಾಲಯದಲ್ಲಿ ಮಕ್ಕಳು ಓದುವ ಕನ್ನಡ ವಿಜ್ಞಾನ ಪುಸ್ತಕಗಳು ನನ್ನ ಅಮ್ಮನ ಕಾಲದವು. ಪುಟ ತಿರುಗಿಸಿದರೆ ಪುಡಿಯಾಗುತ್ತವೆ.

ದೂರದ ಊರುಗಳಲ್ಲಿ ಕೂತು ನಮ್ಮ ಪರವಾಗಿ ಸಿಟ್ಟಾಗುವ ಕನ್ನಡಿಗ ಬಂಧುಗಳೇ, ನಿಮ್ಮ ಪ್ರೀತಿ ದೊಡ್ಡದು. ಆದರೆ ನಮ್ಮ ಮಲಯಾಳಿ ನೆರೆಯವರನ್ನು ಬೈದು ಬರೆಯಬೇಡಿ. ಆ ರಾತ್ರಿ ಜೀಪು ತಂದವರು ಅವರು. ನಾಳೆಯೂ ಅವರೇ ತರುವವರು.

ನನ್ನ ಮೊದಲ ಪತ್ರಕ್ಕೆ ಬಂದ ಉತ್ತರ ಇನ್ನೂ ನನ್ನ ಹತ್ತಿರ ಇದೆ. ಹದಿನೇಳು ವರ್ಷದಲ್ಲಿ ಮಡಿಕೆಯ ಜಾಗ ಹರಿದಿದೆ. ಸೀಲು ಮಾಸಿದೆ. ಅಂಥ ಉತ್ತರ ಈ ಸಲ ಬೇಡ. ಸಂಬಂಧಪಟ್ಟ ಇಲಾಖೆಗೆ ಕಳುಹಿಸಲಾಗಿದೆ ಎಂದು ಬರೆಯಬೇಡಿ.

ಈಗ ಮೇ ತಿಂಗಳು. ಜೂನಿನಲ್ಲಿ ಶಾಲೆ ಶುರು. ನನಗೆ ಗೊತ್ತಿರುವ ಒಂದು ಶಾಲೆಯಲ್ಲಿ ಒಂಬತ್ತನೇ ತರಗತಿ ಕನ್ನಡ ಮಾಧ್ಯಮಕ್ಕೆ 23 ಮಕ್ಕಳು ಬರುತ್ತಾರೆ. ಗಣಿತದ ಜಾಗ ಖಾಲಿ ಇದೆ. ಅಲ್ಲಿಗೆ ಯಾರು ಬರುತ್ತಾರೆ, ಯಾವ ದಿನ ಬರುತ್ತಾರೆ, ಅವರು ಕನ್ನಡದಲ್ಲಿ ಪಾಠ ಮಾಡಿದ್ದನ್ನು ಯಾರು ಕೂತು ಕೇಳಿದ್ದಾರೆ, ಈ ಮೂರನ್ನು ಬರೆದು ಕಳುಹಿಸಿ. ಕನ್ನಡದಲ್ಲಿ.

ಇಂತು,
ಎಣ್ಮಕಜೆ ಗ್ರಾಮದ ಒಬ್ಬ ದಿನಕೂಲಿ ಟೀಚರ್